ನಿದ್ದೆ ಹೋದ ಹಂಸ

ಬೇಕರಿಯ ಹಿಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿಕೊಂಡು. ಆ ಕಿಟಕಿಯ ಕೆಳಗಿನ ಕಲ್ಲಿನ ಮೇಜಿನ ಮುಂದೆ ಹಂಸಣ್ಣ ದಿನವಿಡೀ ನಿಂತು ಹಂಸ ಮಾಡುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಅದನ್ನು ಕೇಳುವವರು ಯಾರು? ಮಾಲೀಕನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವನು ಹಂಸಣ್ಣನೇ. ಸಕ್ಕರೆಪುಡಿ ಕಲಸಿದ ಹಿಟ್ಟಿನಿಂದ ಒಂದು ಉಂಡೆ ತೆಗೆದು, ಬಲಗೈ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಕತ್ತು. ಅದನ್ನು ಹಿಂದಕ್ಕೆ ಬಗ್ಗಿಸಿ ತಲೆಯನ್ನು ರೆಕ್ಕೆಯ ಕೆಳಗೆ ತೂರಿಸಿದರೆ ನಿದ್ದೆ ಮಾಡುವ ಹಂಸ. ಮದುವೆಯ ಕೇಕಾಗಲಿ, ಹುಟ್ಟುಹಬ್ಬದ ಕೇಕಾಗಲಿ, ನೆತ್ತಿಯ ಮೇಲೆ ಅದೇ ಬೇಕು ಜನಕ್ಕೆ.

ಮೊದಲನೆಯ ಹಂಸ ಅಂಗಡಿಗಾಗಿ ಹುಟ್ಟಿದ್ದೇ ಅಲ್ಲ. ಮಗಳು ಚಿಕ್ಕವಳಿದ್ದಾಗ ಜ್ವರ ಬಂದು, ನಿದ್ದೆ ಮಾಡದೆ ರಚ್ಚೆ ಹಿಡಿದಿದ್ದಳು. ಸಮಾಧಾನ ಮಾಡೋಣವೆಂದು ಹಕ್ಕಿ ಮಾಡಲು ಹೋದರೆ, ಹಿಟ್ಟಿಗೆ ನೀರು ಹೆಚ್ಚಾಗಿ ಕತ್ತು ನಿಲ್ಲದೆ ಬೆನ್ನ ಮೇಲೆ ದೊಪ್ಪನೆ ಬಿತ್ತು. ತಕ್ಷಣ ತಲೆಯನ್ನು ರೆಕ್ಕೆಯೊಳಗೆ ತೂರಿಸಿ, "ನೋಡು ಕಂದ, ಇದೂ ಮಲಗಿಬಿಡ್ತು, ನೀನೂ ಮಲಗು" ಎಂದ. ಮಗಳು ಮಲಗಿದಳು. ಆ ಖುಷಿಯಲ್ಲಿ ಮಾರನೆಯ ದಿನ ಬೇಕರಿಯಲ್ಲೂ ಒಂದು ಮಾಡಿ ತೋರಿಸಿದ ನೋಡಿ, ಪುಣ್ಯಾತ್ಮ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ! ಮಾಲೀಕ ಅದನ್ನು ಗಾಜಿನ ಪೆಟ್ಟಿಗೆಗೆ ಏರಿಸಿದ. ಅಂದಿನಿಂದ ಹಂಸಣ್ಣನಿಗೆ ಬೇರೆ ಕೆಲಸವೇ ಸಿಗಲಿಲ್ಲ. ಬೇಸತ್ತು ಇನ್ನೊಂದು ಬೇಕರಿಯಲ್ಲಿ ವಿಚಾರಿಸಿದ್ದಕ್ಕೆ ಅವರೂ, "ಬನ್ನಿ ಬನ್ನಿ, ನಮಗೂ ಆ ಹಂಸಾನೇ ಬೇಕಾಗಿತ್ತು" ಎಂದರು. ಬಾಯಿ ಮುಚ್ಚಿಕೊಂಡು ವಾಪಸು ಬಂದ.

ಈಗ ಕೇಕಿನ ಡಬ್ಬದ ಮೇಲೆ ಹೊಳೆಯುವ ಚೀಟಿ ಬೇರೆ. ಮೇಲೆ ದಪ್ಪಕ್ಷರದಲ್ಲಿ 'ಕ್ರಿಯೇಟೆಡ್ ಬೈ' ಎಂದು ಮಾಲೀಕನ ಹೆಸರು. ಕೆಳಗೆ ಸಾಸಿವೆಕಾಳಿನಷ್ಟು ಅಕ್ಷರದಲ್ಲಿ 'ಮೇಡ್ ಬೈ' ಎಂದು ಬೇಕರಿಯ ಸಿಬ್ಬಂದಿ. ಗಲ್ಲಾದಲ್ಲಿ ಕೂರುವ ಮೇಡಂ ಹತ್ತಿರ ಹಂಸಣ್ಣ ಕೇಳಿಯೇ ಬಿಟ್ಟ.

"ಎರಡೂ ಒಂದೇ ಅಲ್ವಾ ಮೇಡಂ?"

"ಎಲ್ಲಿಯ ಒಂದೇ! ಮೇಕ್ ಅಂದ್ರೆ ಏನು ಮಾಡಿದ್ರೂ ಆಯ್ತು. ಟೀ ಮಾಡೋದೂ ಅದೇ, ಹಾಸಿಗೆ ಸರಿ ಮಾಡೋದೂ ಅದೇ. ಕ್ರಿಯೇಟ್ ಅಂದ್ರೆ ಹಾಗಲ್ಲ, ಎಲ್ಲೂ ಇಲ್ಲದೇ ಇದ್ದದ್ದನ್ನ ಮೊದಲ ಸಲ ತರೋದು."

"ಹಾಗಾದ್ರೆ ಹಂಸಾನ ಮೊದಲ ಸಲ ತಂದಿದ್ದು ಯಾರು?"

ಮೇಡಂ ಒಂದು ಸಲ ಕೆಮ್ಮಿ, ಗಿರಾಕಿ ಬಂದರೇನೋ ಎಂಬಂತೆ ಬಾಗಿಲ ಕಡೆ ನೋಡಿದರು.

ಅವನಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮೊಮ್ಮಗಳು. "ತಾತ, ನನ್ ಹುಟ್ಟುಹಬ್ಬಕ್ಕೆ ಹಂಸ ಬೇಡ. ಅದು ಎಲ್ಲರ ಕೇಕಲ್ಲೂ ಇರತ್ತೆ. ಯಾರ ಹತ್ರಾನೂ ಇಲ್ದೇ ಇರೋದು ಮಾಡ್ಕೊಡು" ಎಂದಳು.

"ಅದೆಷ್ಟರ ಮಾತು ಪುಟ್ಟಿ!" ಎಂದು ಜಂಬದಿಂದ ಒಪ್ಪಿಕೊಂಡ.

ಹುಟ್ಟುಹಬ್ಬದ ಹಿಂದಿನ ದಿನ ರಜೆ ಹಾಕಿ, ಅಡುಗೆಮನೆಯ ನೆಲದ ಮೇಲೆ ಹಿಟ್ಟು ಹರಡಿಕೊಂಡು ಕೂತ. ಆನೆ ಮಾಡಲು ಹೋದ. ಸೊಂಡಿಲು ಬಾಗಿ ಬೆನ್ನ ಮೇಲೆ ಮಲಗಿತು. ಬೆಕ್ಕು ಮಾಡಲು ಹೋದ. ಬಾಲ ಹೋಗಿ ಕತ್ತಾಯಿತು. ಕಡೆಗೆ ಒಂದು ದೋಣಿಯಾದರೂ ಆಗಲಿ ಎಂದರೆ, ಅದರ ಮೂತಿಯೂ ಹಿಂದಕ್ಕೆ ತಿರುಗಬೇಕೆ!

"ಏನ್ರೀ, ನಿಮ್ ಆನೆಗೂ ನಿದ್ದೆ ಬಂತಾ?" ಪಾತ್ರೆ ಒರೆಸುತ್ತಿದ್ದ ಹೆಂಡತಿ ನಕ್ಕಳು.

"ಸುಮ್ನಿರೇ! ಮಗೂಗೆ ಮಾತು ಕೊಟ್ಟಿದೀನಿ, ನಿನಗೆ ತಮಾಷೆ!" ಎಂದು ರೇಗಿ, ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಇಷ್ಟು ವರ್ಷ ಅನ್ನ ಕೊಟ್ಟ ಕೈಯೇ ಕೈಕೊಟ್ಟಿತ್ತು. ಕೆಲಸ ಬಿಟ್ಟರೆ ಆ ಕೋಣೆಯಿಂದ ಹೊರಗೆ ಬರಬಹುದಿತ್ತು. ಈ ಹೆಬ್ಬೆರಳಿನಿಂದ ಹೊರಗೆ ಬರುವುದು ಹೇಗೆ? ಅವನ ಕಣ್ಣಲ್ಲಿ ನೀರು ಬಂತು.

ಹೆಂಡತಿಯ ನಗು ನಿಂತುಹೋಯಿತು. ಪಾತ್ರೆ ಕೆಳಗಿಟ್ಟು ಪಕ್ಕದಲ್ಲಿ ಕೂತಳು. "ಆ ಕೈ ಕಲಿತದ್ದನ್ನ ಬಿಡಲ್ಲ ರೀ. ಏನೂ ಕಲೀದೇ ಇರೋದು ಇನ್ನೊಂದು ಇದೆಯಲ್ಲ."

ಹಂಸಣ್ಣ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು, ಎಡಗೈಯಿಂದ ಹಿಟ್ಟು ಹಿಡಿದ. ಉಂಡೆ ಜಾರಿತು, ಒತ್ತಿದ್ದು ಎಲ್ಲೋ, ಉಬ್ಬಿದ್ದು ಇನ್ನೆಲ್ಲೋ. ಸಂಜೆಯ ಹೊತ್ತಿಗೆ ಅವನ ಎದುರು ಏನೋ ಒಂದು ನಿಂತಿತ್ತು. ಹೊಟ್ಟೆ ದಪ್ಪ, ಕಾಲು ಸೊಟ್ಟ, ಒಂದು ಕಿವಿ ದೊಡ್ಡದು, ಬಾಯಿ ಆ ಎಂದು ತೆರೆದುಕೊಂಡಿತ್ತು.

ಮರುದಿನ ಕೇಕಿನ ಮೇಲೆ ಅದನ್ನು ನೋಡಿ ಮೊಮ್ಮಗಳು ಕಣ್ಣರಳಿಸಿದಳು. "ತಾತ, ಇದೇನಿದು?"

"ನಂಗೂ ಗೊತ್ತಿಲ್ಲ ಪುಟ್ಟಿ, ನೀನೇ ಹೇಳಬೇಕು."

ಅವಳು ಸುತ್ತಲೂ ಓಡಾಡಿ ನೋಡಿದಳು. "ಇದಕ್ಕೆ ಹಸಿವಾಗಿದೆ!" ಎಂದು ತೀರ್ಮಾನಿಸಿ, ಕೇಕಿನ ಪುಡಿಯನ್ನು ಅದರ ಬಾಯಿಗೆ ತುರುಕತೊಡಗಿದಳು. ಯಾರಿಗೂ ಮುಟ್ಟಲು ಬಿಡಲಿಲ್ಲ. ಮಗಳು ಫೋನೆತ್ತಿ, "ಅಪ್ಪಾ, ಎಷ್ಟು ಚೆನ್ನಾಗಿದೆ! ಒಂದು ಫೋಟೋ ತೆಗೆದು ಎಲ್ಲರಿಗೂ ಕಳಿಸ್ತೀನಿ" ಎಂದಳು.

ಹಂಸಣ್ಣ, "ಬೇಡಮ್ಮ" ಎಂದು ಅವಳ ಫೋನಿಗೆ ಕೈ ಅಡ್ಡ ಹಿಡಿದ. "ನಿನ್ನ ಹಂಸಾನೂ ಮೊದಲು ಇಷ್ಟೇ ಸೊಟ್ಟಗಿತ್ತು, ಎಲ್ಲರಿಗೂ ತೋರಿಸಿಯೇ ಕೆಟ್ಟೆ." ಮಗಳು ಅಪ್ಪನ ಮುಖ ನೋಡಿ, ಫೋನು ಒಳಗಿಟ್ಟಳು.

ಮಾರನೆಯ ಬೆಳಿಗ್ಗೆ ಮಾಲೀಕ ಹಿಂದಿನ ಕೋಣೆಗೆ ಇಣುಕಿದ. "ಏನ್ ಹಂಸಣ್ಣ, ಮೊಮ್ಮಗಳಿಗೆ ಏನೋ ಹೊಸದು ಮಾಡೋಕೆ ಅಂತ ರಜೆ ಹಾಕಿದ್ರಂತೆ? ನಮಗೂ ತೋರಿಸ್ರೀ. ಚೆನ್ನಾಗಿದ್ರೆ ಅಂಗಡಿಯಲ್ಲೂ ಇಡೋಣ."

ಹಂಸಣ್ಣ ಎಡಗೈಯನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟ.

"ಎಲ್ಲಿ ಹೊಸದು ಸಾರ್, ಹಂಸಾನೇ ಮಾಡಿದೆ."

"ಅದೇ ಅಂದ್ಕೊಂಡೆ. ನಿಮಗೆ ಬೇರೆ ಏನು ಬರತ್ತೆ ಬಿಡಿ" ಎಂದು ಮಾಲೀಕ ನಗುತ್ತಾ ಹೋದ.

ಹಂಸಣ್ಣನೂ ನಕ್ಕ. ಬಲಗೈಯಿಂದ ಹಿಟ್ಟು ತೆಗೆದು ಅಂದಿನ ಮೊದಲ ಕತ್ತು ಎಳೆದ. ಎಡಗೈಯನ್ನು ಮಾತ್ರ ತುಂಬ ಹೊತ್ತು ಜೇಬಿನಿಂದ ತೆಗೆಯಲಿಲ್ಲ.