ಶ್ರೀಧರನ ಕೂದಲು

ನಮ್ಮ ಶ್ರೀಧರನಿಗೆ ಮೆಟ್ಟಿಲು ಕಂಡರೆ ಇಳಿಯಬೇಕು ಅನ್ನಿಸುತ್ತಿರಲಿಲ್ಲ, ಹಾರಬೇಕು ಅನ್ನಿಸುತ್ತಿತ್ತು. ಹಾರುವ ಮುಂಚೆ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಅಂಚನ್ನು ಅಂಗೈಯಿಂದ ಸವರುತ್ತಿದ್ದ, ಸೀರೆ ಕೊಳ್ಳುವ ಹೆಂಗಸರು ಸೆರಗು ಸವರಿ ನೋಡುವ ಹಾಗೆ. ಆಮೇಲೆ ಗಾಲಿಯ ಹಲಗೆ ಹತ್ತಿ, ಭುಜದವರೆಗಿನ ಕೂದಲು ಹಾರಿಸಿಕೊಂಡು ಹೋದನೆಂದರೆ ಕಾಶಿಯ ದಶಾಶ್ವಮೇಧ ಘಾಟಿನ ದೋಣಿಯವರೂ ಹುಟ್ಟು ಬಿಟ್ಟು ನೋಡುತ್ತಿದ್ದರು. ನನಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಇರುವವನು ಒಬ್ಬನೇ ತಮ್ಮ.

ನಮ್ಮದು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಅಪರಕರ್ಮ ಮಾಡಿಸುವ ಮನೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಪುರೋಹಿತರು. ಗಲ್ಲಿಯ ಲಾಡ್ಜಿನಲ್ಲಿದ್ದ ವಿದೇಶಿಯೊಬ್ಬ ಬಿಟ್ಟುಹೋದ ಸ್ಕೇಟ್‌ಬೋರ್ಡು ಇವನ ಕೈಗೆ ಸಿಕ್ಕಿದ್ದೇ ನೆಪ, ಕಲಿತ ಮಂತ್ರವೆಲ್ಲ ಗಂಗೆಯ ಪಾಲಾಯಿತು. ಅಪ್ಪ ಬೈಯುತ್ತಿದ್ದರು: "ಲೋ, ಬಂದವರೆಲ್ಲ ಇಲ್ಲಿ ಜಾರಬಾರದು ಅಂತ ಗೋಡೆ ಹಿಡ್ಕೊಂಡು ನಡೀತಾರೆ. ನೀನು ಜಾರೋದಕ್ಕೇ ಬೆಳಿಗ್ಗೆ ಏಳ್ತೀಯಲ್ಲೋ!" ಬೈದು, ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದವರೂ ಅವರೇ. ಶ್ರೀಧರನ ಉತ್ತರ ಯಾವಾಗಲೂ ಒಂದೇ: "ಅರೆ ಅಪ್ಪ, ಹೋ ಜಾಯೇಗಾ, ಆಗುತ್ತೆ ಬಿಡು." ಮೊಣಕೈ ಮುರಿದಾಗಲೂ ಅದೇ, ಪರೀಕ್ಷೆಯಲ್ಲಿ ಫೇಲಾದಾಗಲೂ ಅದೇ. ಕೊನೆಗೆ ಒಂದು ಬೂಟಿನ ಕಂಪನಿ ಅವನಿಗೆ ಸಂಬಳ ಕೊಟ್ಟು ಊರೂರು ಸುತ್ತಿಸಿ ಹಾರಿಸಿತು. ಆಮೇಲೆ ಅಪ್ಪ ಬೈಯುವುದನ್ನು ಬಿಟ್ಟರು.

ಅಷ್ಟರಲ್ಲಿ ಸಿನಿಮಾ ಬಂತು. ನಾಯಕನ ಗೆಳೆಯನ ಪಾತ್ರ, ಕಾಶಿಯಲ್ಲೇ ಶೂಟಿಂಗ್. ಅವರದು ಒಂದೇ ಷರತ್ತು: ಮುಗಿಯುವವರೆಗೆ ಕೂದಲಿಗೆ ಕತ್ತರಿ ತಾಗಬಾರದು. ಇನ್ನೇನು ಒಂದು ವಾರದ ಕೆಲಸ ಉಳಿದಿದೆ ಅನ್ನುವಾಗ, ಎದೆನೋವೆಂದು ಮಲಗಿದ ಅಪ್ಪ ಏಳಲಿಲ್ಲ.

ಹರಿಶ್ಚಂದ್ರ ಘಾಟಿನಲ್ಲಿ ಕ್ಷೌರದವನು ಕಾದು ಕೂತಿದ್ದ. ಹೆಂಗಸರು ಬರೋದು ಬೇಡವೆಂದರೂ ನಾನೂ ಹೋಗಿದ್ದೆ. ಶ್ರೀಧರ ಚಿಕ್ಕಪ್ಪನ ಕಾಲು ಹಿಡಿದುಕೊಂಡ. "ಚಿಕ್ಕಪ್ಪ, ಹತ್ತನೇ ದಿನಕ್ಕೆ ಖಂಡಿತ ಬೋಳಿಸ್ತೀನಿ. ಈಗ ಬೋಳಿಸಿದ್ರೆ ಪಾತ್ರಾನೇ ಹೋಗುತ್ತೆ."

"ತಲೆ ಬೋಳಿಸದವನು ಕೊಳ್ಳಿ ಮುಟ್ಟೋ ಹಾಗಿಲ್ಲ," ಅಂದರು ಚಿಕ್ಕಪ್ಪ. ಊರಿನ ಪುರೋಹಿತರೆಲ್ಲ ಸುತ್ತ ನಿಂತಿದ್ದರು. "ನಾಳೆ ಇವರ ಮುಂದೆ ನಾನು ತಲೆ ಎತ್ಕೊಂಡು ತಿರುಗೋದು ಬೇಡ್ವೇನೋ?"

ನನಗೆ ಮೈಯೆಲ್ಲ ಉರಿದುಹೋಯಿತು. "ಆಫೀಸಿಗೆ ಹೋಗ್ಬೇಕು ಸ್ವಾಮಿ ಅಂದವರಿಗೆಲ್ಲ ನಾಲ್ಕು ಎಳೆ ಕತ್ತರಿಸಿ, ಗೋದಾನದ ಸಂಕಲ್ಪ ಮಾಡಿಸಿ, ಆಯ್ತು ಅಂತ ಕಳಿಸ್ತೀರಲ್ಲ ಚಿಕ್ಕಪ್ಪ! ಶಾಸ್ತ್ರದಲ್ಲೇ ಅವಕಾಶ ಇದೆ ಅಂತೀರಲ್ಲ! ಆ ಅವಕಾಶ ಇವನಿಗೆ ಮಾತ್ರ ಇಲ್ವಾ?"

"ಅವರು ಯಾತ್ರಿಕರು ಕಣಮ್ಮ, ಇವನು ಮನೆ ಮಗ. ನೀನು ಇದರಲ್ಲಿ ಬಾಯಿ ಹಾಕಬೇಡ."

ಚಿತೆಗೆ ಕೊಳ್ಳಿಯನ್ನು ಚಿಕ್ಕಪ್ಪನೇ ಇಟ್ಟರು. ಶ್ರೀಧರ ಮೇಲಿನ ಮೆಟ್ಟಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಅವನ ಮೇಲೂ ನನಗೆ ಸಿಟ್ಟಿತ್ತು, ಈಗಲೂ ಇದೆ. ಹಾಳು ಸಿನಿಮಾ, ಹೋದರೆ ಹೋಗಲಿ ಅನ್ನಬಾರದಿತ್ತೇ?

ಶೂಟಿಂಗ್ ಮುಗಿದ ದಿನವೇ ತಲೆ ಬೋಳಿಸಿಕೊಂಡು ಬಂದ. ಆದರೂ ಹತ್ತನೇ ದಿನದ ಪಿಂಡವನ್ನು ಅವನ ಕೈಗೆ ಕೊಡಲಿಲ್ಲ. "ಶುರು ಮಾಡಿದವನೇ ಮುಗಿಸಬೇಕು," ಅಂದುಬಿಟ್ಟರು ಚಿಕ್ಕಪ್ಪ.

ಸಿನಿಮಾ ಬಿಡುಗಡೆಯಾದಾಗ ನಾನು ಕಾಶಿಯ ಭೇಲೂಪುರದಲ್ಲಿರುವ ಗಂಡನ ಮನೆಯಿಂದ ನಮ್ಮ ಯಜಮಾನರನ್ನು ಎಳೆದುಕೊಂಡು ಹೋಗಿ ನೋಡಿದೆ. ಕೊನೆಯ ವಾರದಲ್ಲಿ ತೆಗೆದದ್ದು ಜಿಗಿತದ ದೃಶ್ಯ. ಅದರಲ್ಲಿ ಅವನ ತಲೆಗೆ ಹೆಲ್ಮೆಟ್ಟು ಹಾಕಿದ್ದರು! ಒಂದೆಳೆ ಕೂದಲೂ ಕಾಣಲಿಲ್ಲ. ಜನ ಶಿಳ್ಳೆ ಹೊಡೆದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಆಮೇಲೆ ಅವನು ಕೂದಲು ಬಿಡಲೇ ಇಲ್ಲ. ಮುಂಬೈಗೆ ಹೋದ. ಆ ಬೋಳುತಲೆಗೆ ಅಲ್ಲಿ ಗೂಂಡಾ ಪಾತ್ರಗಳು ಸಿಕ್ಕವು, ನಾಯಕನ ಕೈಲಿ ಒದೆ ತಿನ್ನುವವು. ಚಿಕ್ಕಪ್ಪ ಈಗ ಆ ದೃಶ್ಯಗಳನ್ನು ಮೊಬೈಲಿನಲ್ಲಿ ತೋರಿಸಿ, "ನಮ್ಮಣ್ಣನ ಮಗ," ಎಂದು ಯಾತ್ರಿಕರ ಮುಂದೆ ಬೀಗುತ್ತಾರೆ. ಥೂ, ನಾಚಿಕೆಯಾಗಬೇಕು.

ಹೋದ ವರ್ಷ ಶ್ರೀಧರ ನನ್ನನ್ನು ನೋಡಲು ಬಂದಿದ್ದ. ಹೊರಟಾಗ ಇಲ್ಲಿಯ ಕಂಟೋನ್ಮೆಂಟ್ ಸ್ಟೇಷನ್ನಿನವರೆಗೂ ಆಟೋದಲ್ಲಿ ಜೊತೆಗೆ ಹೋದೆ. ಪ್ಲಾಟ್‌ಫಾರಂನಲ್ಲಿ ಅವನ ತಲೆ ನೋಡಿ ತಡೆಯಲಾಗಲಿಲ್ಲ. "ಸಾಕು ಕಣೋ, ಇನ್ನಾದರೂ ಕೂದಲು ಬಿಡೋ."

"ಅಪ್ಪನ ಕರ್ಮ ಮುಗೀತು ಅಂತ ನನಗ್ಯಾರೂ ಹೇಳೇ ಇಲ್ವಲ್ಲಕ್ಕ."

"ನಾನು ಹೇಳ್ತಿದ್ದೀನಿ. ಮುಗೀತು."

ಅವನು ನಕ್ಕ. "ಆ ಮನೇಲಿ ನಿನ್ನ ಮಾತು ನಡೆಯೋ ಹಾಗಿದ್ರೆ ಅವತ್ತು ಘಾಟಿನಲ್ಲೇ ಮುಗೀತಿತ್ತಲ್ಲಕ್ಕ," ಅಂದು ರೈಲು ಹತ್ತಿದ. ಆಮೇಲೆ ಬಂದಿಲ್ಲ.