ಅಕ್ಕನ ಪಾಲು

ಮೊನ್ನೆ ವಿಜಯಪುರದ ಸ್ಟೇಷನ್ ರಸ್ತೆಯ ನನ್ನ ಬಟ್ಟೆಯಂಗಡಿಗೆ ತಿಕೋಟಾ ಕಡೆಯ ರೈತರೊಬ್ಬರು ಧೋತರ ಕೊಳ್ಳಲು ಬಂದಿದ್ದರು. ಅವರ ಅಂಗಿಯಿಂದ ದ್ರಾಕ್ಷಿಗೆ ಹೊಡೆಯುವ ಗಂಧಕದ ವಾಸನೆ ಬಂತು. ಬಿಜ್ಜರಗಿಯ ದ್ರಾಕ್ಷಿ ತೋಟದವರ ಮನೆಗೆ ಮದುವೆಯಾಗಿ ಹೋಗಿದ್ದ ನಮ್ಮ ಅಕ್ಕನ ಸೀರೆಯಲ್ಲೂ ಇದೇ ವಾಸನೆ ಇತ್ತು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ...

ಕೆಲವು ವರ್ಷಗಳ ಹಿಂದೆ ನನಗೆ ರಕ್ತದ ಕ್ಯಾನ್ಸರ್ ಆಗಿತ್ತು. ಔಷಧಿಗಳೆಲ್ಲ ಸೋತ ಮೇಲೆ ಉಳಿದದ್ದು ಒಂದೇ ದಾರಿ. ನನ್ನ ಮೂಳೆಯೊಳಗಿನ ಕೆಟ್ಟ ಮಜ್ಜೆಯನ್ನು ಸುಟ್ಟುಹಾಕಿ, ಹೊಂದುವವರ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಮೈಗೆ ಸೇರಿಸುವುದು. ಹೊಂದಿದ್ದು ಅಕ್ಕನವು. ಅತ್ತೆಮನೆಯವರು ಬೇಡವೆಂದರೂ ಬಂದಳು. ಅವಳ ಒಂದು ತೋಳಿನ ರಕ್ತ ಯಂತ್ರದೊಳಗೆ ಹೋಗಿ, ಬೇಕಾದ ಕೋಶಗಳನ್ನು ಅಲ್ಲಿ ಬಿಟ್ಟು, ಇನ್ನೊಂದು ತೋಳಿಗೆ ಮರಳುತ್ತಿತ್ತು. "ಬಳ್ಳಿ ಹಚ್ಚಿದಂಗ ಆತು ಬಿಡಲೇ ತಮ್ಮಾ, ಚಿಗೀತೈತಿ," ಎಂದು ನನ್ನನ್ನು ಒಂಟಿಯಾಗಿ ಇಟ್ಟಿದ್ದ ಕೋಣೆಯ ಗಾಜಿನಾಚೆ ನಿಂತು ಫೋನಿನಲ್ಲಿ ನಕ್ಕಿದ್ದಳು.

ಚಿಗುರಿತು. ನನ್ನ ರಕ್ತದ ಗುಂಪೇ ಬದಲಾಗಿ ಅಕ್ಕನದಾಯಿತು. ಹೀಗಾಗುತ್ತದೆಂದು ಡಾಕ್ಟರರು ಮೊದಲೇ ಹೇಳಿದ್ದರು. ಬದನೆಕಾಯಿಯ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಬದನೆಕಾಯಿ ತಿಂದರೆ ಅಕ್ಕನಿಗೆ ತುಟಿ ಊದಿಕೊಳ್ಳುತ್ತಿತ್ತು. ನಾನೋ ಬದನೆಕಾಯಿ ಎಣಗಾಯಿಗೆ ಜೀವ ಬಿಡುವವನು. ಪಥ್ಯವೆಲ್ಲ ಮುಗಿದು ಎಣಗಾಯಿಯ ಮೊದಲ ತುತ್ತು ಬಾಯಿಗಿಟ್ಟರೆ ನನ್ನ ತುಟಿ ಊದಿಕೊಂಡಿತು. ಅವ್ವ ತಾಟು ಸರಿಸಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟಕ್ಕೆ ನನಗೆ ಹೆದರಿಕೆಯಾಯಿತು.

ಆ ವರ್ಷ ನಾಗರಪಂಚಮಿಗೆ ಅಕ್ಕ ಬಬಲೇಶ್ವರದ ತವರಿಗೆ ಬಂದಳು. ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಮನೆಯಲ್ಲಿ ಬದುಕಿರುವ ಒಬ್ಬೊಬ್ಬರ ಹೆಸರಿನಲ್ಲೂ ಒಂದು ಪಾಲು ಹಾಕುವುದು ನಮ್ಮ ಪದ್ಧತಿ. ಅಪ್ಪನ ಪಾಲು, ಅವ್ವನ ಪಾಲು, ತನ್ನ ಪಾಲು ಎಂದು ಎರೆದವಳು ಹಾಲಿನ ಕೊಬ್ಬರಿ ಬಟ್ಟಲನ್ನು ಕೆಳಗಿಟ್ಟುಬಿಟ್ಟಳು.

"ತಮ್ಮನ ಪಾಲು ಮರತೇನ ಬೇ?" ಎಂದಳು ಅವ್ವ.

"ಮರತಿಲ್ಲವ್ವಾ. ನನ್ನ ಪಾಲಿನಾಗ ಅವನೂ ಅದಾನ. ಒಂದ ರಕ್ತಕ್ಕ ಎರಡು ಸಲ ಯಾಕ ಎರೀಬೇಕು?"

ಅವ್ವ ಬೈದಳು. ನಾನು, ಅಕ್ಕ ಇಬ್ಬರೂ ನಕ್ಕೆವು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕನಿಗೆ ಡೆಂಗಿ ಜ್ವರ ಬಂತು. ವಿಜಯಪುರದ ಆಸ್ಪತ್ರೆಯಲ್ಲಿ ರಕ್ತ ಬೇಕೆಂದಾಗ ಮೊದಲು ತೋಳು ಚಾಚಿದವನು ನಾನು. ರಕ್ತ ತೆಗೆಯುವ ಹುಡುಗಿ ನನ್ನ ಕಥೆ ಕೇಳಿ ಸೂಜಿ ಕೆಳಗಿಟ್ಟಳು.

"ತಗೊಳ್ಳಾಕ ಬರೂದಿಲ್ರಿ. ಕ್ಯಾನ್ಸರ್ ಆಗಿ ಆರಾಮಾದವರ ರಕ್ತ ಬ್ಯಾರೇದವರಿಗೆ ಕೊಡೂದಿಲ್ರಿ."

"ಇದು ನಂದಲ್ರೀ," ಎಂದೆ. "ಅಕೀದ ಐತಿ..."

ಬೇರೆಯವರು ಬಂದು ಕೊಟ್ಟರು. ಆದರೂ ಅಕ್ಕ ಉಳಿಯಲಿಲ್ಲ. ಇಬ್ಬರಿಗೆ ಒಂದೇ ಪಾಲು ಹಾಕಿದ್ದಳು, ಒಬ್ಬನೇ ಉಳಿದ ಎಂದು ಊರವರು ಆಡಿಕೊಂಡರು. ಕಾಂಡಕೋಶ ಕೊಟ್ಟದ್ದಕ್ಕೂ ಅವಳ ಸಾವಿಗೂ ಸಂಬಂಧವಿಲ್ಲ ಎಂದು ಡಾಕ್ಟರರು ಹೇಳಿದರು. ಹಗಲು ಹೊತ್ತಿನಲ್ಲಿ ನಾನೂ ಅದನ್ನೇ ನಂಬುತ್ತೇನೆ.

ಅಂದಿನಿಂದ ಅವ್ವ ಪಂಚಮಿಗೆ ಮಗಳ ಪಾಲು ಎಂದು ಹಾಲೆರೆಯುತ್ತಾಳೆ; ನನ್ನ ಹೆಸರು ಎತ್ತುವುದಿಲ್ಲ. ಈ ಸಲ ತಡೆಯಲಾರದೆ ಕೇಳಿಯೇಬಿಟ್ಟೆ.

"ಯವ್ವಾ, ಜೀವಂತ ಇದ್ದಾಂವ ನಾನು."

ಅವ್ವ ನನ್ನ ಮಣಿಕಟ್ಟು ಹಿಡಿದು ನಾಡಿಯ ಮೇಲೆ ಬೆರಳಿಟ್ಟಳು. "ಹೌದಪಾ. ಅಕಿ ಇರೂತನಕ ನಿನಗೇನೂ ಆಗೂದಿಲ್ಲ."

ಅಕ್ಕ ಹೋದಳು, ಇನ್ನು ಬರುವುದಿಲ್ಲ ಎಂದು ಹೇಳಬೇಕಿತ್ತು. ಕೈ ಎಳೆದುಕೊಳ್ಳಲು ನೋಡಿದೆ. ಅವ್ವ ಕೈ ಬಿಡಲಿಲ್ಲ; ತಲೆ ಬಗ್ಗಿಸಿ, ನನ್ನ ಮುಖ ನೋಡದೆ, ಮಣಿಕಟ್ಟಿಗೆ ಮೆಲ್ಲಗೆ ಕೇಳಿದಳು.

"ಊಟ ಆತೇನ ಬೇ, ಮಗಳ?"