ಪರದೆಗೆ ಉಡಿ ತುಂಬಿದವರು

ಆ ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಕಡೆಯ ಅರ್ಧ ಜನ ಓದುವುದನ್ನು ಇಲ್ಲಿಗೇ ಬಿಟ್ಟು ಜಗಳಕ್ಕೆ ಬರುತ್ತಾರೆ. ಹೋದ ವರ್ಷ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದರ ಹಾಡೊಂದನ್ನು ಹಾಕಿ, ಇಂಥ ಸಿನಿಮಾ ಇನ್ನು ಹುಟ್ಟುವುದಿಲ್ಲ ಎಂದು ಬರೆದಿದ್ದರು. ಹುಟ್ಟದಿದ್ದರೆ ಒಳ್ಳೆಯದೇ ಆಯಿತು ಎಂದು ನಾನು ಬರೆದೆ. ಒಬ್ಬರು ನನಗೆ ಸಂಸ್ಕಾರ ಇಲ್ಲ ಎಂದರು, ಇನ್ನೊಬ್ಬರು ಜೇವರ್ಗಿಯ ನೀರೇ ಹಾಗೆ ಎಂದರು. ಜೇವರ್ಗಿಗೆ ನಾನು ಸೊಸೆಯಾಗಿ ಬಂದವಳು. ಹುಟ್ಟಿದ್ದು ಅಫಜಲಪುರದಲ್ಲಿ, ಆ ಸಿನಿಮಾ ನೋಡಿದ್ದೂ ಅಲ್ಲಿಯ ಟೆಂಟಿನಲ್ಲೇ. ಬರೆದದ್ದನ್ನು ನಾನು ಅಳಿಸಲಿಲ್ಲ.

ಕಥೆ ಇಷ್ಟೇ. ನಾದಿನಿಯ ಚಾಡಿ ಕೇಳಿ ಗಂಡ ಹೆಂಡತಿಯನ್ನು ಹೊಡೆದು ಹೊರಗೆ ಹಾಕುತ್ತಾನೆ. ಅವಳು ಹೊಳೆಯ ದಂಡೆಯ ಗುಡಿಸಲಿನಲ್ಲಿ ಬೀಸುತ್ತ, ಹಾಡುತ್ತ, ಅವನ ಆಯುಷ್ಯಕ್ಕೆ ಬೇಡಿಕೊಳ್ಳುತ್ತ ಇರುತ್ತಾಳೆ. ಕೊನೆಗೆ ಅವನಿಗೆ ಬುದ್ಧಿ ಬರುತ್ತದೆ. ಬುದ್ಧಿ ಬಂದರೂ ತಾನು ಬರುವುದಿಲ್ಲ, ಆಳಿನ ಕೈಯಲ್ಲಿ ಗಾಡಿ ಕಳಿಸುತ್ತಾನೆ. ಅವಳು ಕಣ್ಣೊರೆಸಿಕೊಂಡು ಹತ್ತುತ್ತಾಳೆ, ಸಿನಿಮಾ ಮುಗಿಯುತ್ತದೆ. ಹಾಡುಗಳು ಚೆನ್ನಾಗಿವೆ, ಅದನ್ನು ಒಪ್ಪುತ್ತೇನೆ. ಆದರೆ ಮೊದಲಿನಿಂದ ಕೊನೆಯವರೆಗೆ ಅವಳು ಎಲ್ಲರಿಗೂ ಬಡಿಸುತ್ತಾಳೆ, ತಾನು ಒಂದು ತುತ್ತೂ ಉಣ್ಣುವುದಿಲ್ಲ. ನನಗೆ ಹಿಡಿಸಿದವಳೆಂದರೆ ಆ ಕೆಟ್ಟ ನಾದಿನಿ. ಅವಳೊಬ್ಬಳೇ ಹೊಟ್ಟೆ ತುಂಬ ಉಣ್ಣುತ್ತಾಳೆ, ನಗು ಬಂದಾಗ ನಗುತ್ತಾಳೆ.

ನಮ್ಮೂರ ಟೆಂಟಿನಲ್ಲಿ ಆ ಗಾಡಿಯ ದೃಶ್ಯಕ್ಕೆ ಒಂದು ಪದ್ಧತಿ ಇತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಉಡಿ ತುಂಬುತ್ತೇವಲ್ಲ, ಹಾಗೆಯೇ ನಾಯಕಿಗೂ ತುಂಬಬೇಕು. ಗಾಡಿ ಬಂದು ನಿಂತ ಕೂಡಲೇ ಮಷೀನಿನವನು ರೀಲು ನಿಲ್ಲಿಸಿ ದೀಪ ಹಾಕುತ್ತಿದ್ದ. ಹೆಂಗಸರೆಲ್ಲ ಮನೆಯಿಂದ ತಂದ ಗಂಟು ಬಿಚ್ಚಿ ಎದ್ದು ಹೋಗುತ್ತಿದ್ದರು. ದೀಪ ಹಾಕಿದ ಮೇಲೆ ಪರದೆಯಲ್ಲಿ ನಾಯಕಿ ಎಲ್ಲಿ ಇರುತ್ತಾಳೆ, ಬರೀ ಬಿಳಿ ಬಟ್ಟೆ. ಆ ಬಟ್ಟೆಗೇ ಕುಂಕುಮ ಹಚ್ಚಿ, ಬುಡದಲ್ಲಿ ಅಕ್ಕಿ ಸುರಿದು, ಅತ್ತು ಬರುತ್ತಿದ್ದರು. ಹಚ್ಚಿ ಹಚ್ಚಿ ಅಲ್ಲೊಂದು ಕೆಂಪು ಕಲೆ ಉಳಿದಿತ್ತು. ಆಮೇಲೆ ಬಂದ ಸಿನಿಮಾಗಳಲ್ಲಿ ಕಳ್ಳರು, ಪೊಲೀಸರು, ಕುದುರೆಗಳು ಎಲ್ಲ ಆ ಕಲೆಯನ್ನು ತುಳಿದುಕೊಂಡೇ ಓಡಬೇಕಾಯಿತು. ಕೊಬ್ಬರಿ ಮಾತ್ರ ಟೆಂಟಿನವನ ಮನೆಗೆ ಹೋಗುತ್ತಿತ್ತು.

ನನ್ನ ಅಕ್ಕ ಆಗ ಹೊಸದಾಗಿ ಮದುವೆಯಾದವಳು. ಗಂಡ ಹೊಡೆದನೆಂದು ಗೊಬ್ಬೂರಿನಿಂದ ಬಂದು ತವರಿನಲ್ಲಿ ಕೂತಿದ್ದಳು. ಅವ್ವ ಅವಳಿಗೆ ಬುದ್ಧಿ ಹೇಳಲಿಲ್ಲ, ಸಿನಿಮಾಕ್ಕೆ ಕರೆದುಕೊಂಡು ಹೋದಳು. ಪರದೆಗೆ ಅಕ್ಕನ ಕೈಯಿಂದಲೇ ಉಡಿ ತುಂಬಿಸಿದಳು. ಮರುದಿನ ಅಕ್ಕನ ಉಡಿ ತುಂಬಿ, ಗಾಡಿ ಹತ್ತಿಸಿ ಗೊಬ್ಬೂರಿಗೆ ಕಳಿಸಿಬಿಟ್ಟಳು. ಈ ಸಿನಿಮಾದ ಮೇಲಿನ ನನ್ನ ಸಿಟ್ಟು ಅಂದಿನದು, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ.

ಇದೇ ಬೇಸಿಗೆಯಲ್ಲಿ ಅಕ್ಕನ ಮಗಳು ಆಳಂದದ ಗಂಡನ ಮನೆಯಿಂದ ತುಟಿ ಒಡೆದುಕೊಂಡು ಗೊಬ್ಬೂರಿಗೆ ಬಂದಳು. ಸುದ್ದಿ ಕೇಳಿ ನಾನೂ ಹೋದೆ. ಭಾನುವಾರ ಸಂಜೆ ಗಾಡಿ ಕಳಿಸುತ್ತೇನೆ, ಹತ್ತಿಸಿ ಕಳಿಸಿರಿ ಎಂದು ಅಳಿಯ ಫೋನು ಮಾಡಿದ್ದ. ಅದೇ ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬಂದದ್ದು ಇದೇ ಸಿನಿಮಾ. ಅಕ್ಕ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಭಾವ ಕುರ್ಚಿಯಲ್ಲಿದ್ದರು. ಪರದೆಯಲ್ಲಿ ಗಾಡಿ ಬಂದಾಗ ಅಕ್ಕ ಮೂಗು ಒರೆಸಿಕೊಂಡಳು.

“ನೋಡು, ಅಕಿ ಹ್ಯಾಂಗ ಹೊಂಟಳು. ಮನಿ ಮಾನಾ ಉಳಸಿದಳು.”

“ಅಕಿ ಹೋಗಲಿಲ್ಲಂದ್ರ ಸಿನಿಮಾ ಮುಗೀತಿರಲಿಲ್ಲ, ಅದಕ್ಕ ಹೋದಳು,” ಎಂದೆ ನಾನು.

“ನೀ ಸುಮ್ನಿರು ಬೇ. ನಿನಗ ಮೊದಲಿಂದೂ ಅದರ ಮ್ಯಾಲ ಹಗಿ.”

“ಹೌದು, ಹಗಿ ಅದ.”

ಅಕ್ಕ ಒಳಗೆ ಹೋಗಿ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ ಇಟ್ಟುಕೊಂಡು ಬಂದಳು. ಚೂಡಿದಾರ ತೆಗೆದು ಸೀರೆ ಉಟ್ಟುಕೋ ಎಂದು ಮಗಳಿಗೆ ಹೇಳಿದಳು. ನಾನು ತಟ್ಟೆಯ ಅಂಚು ಹಿಡಿದೆ. ಅವಳು ತನ್ನ ಕಡೆ ಎಳೆದಳು, ನಾನು ಬಿಡಲಿಲ್ಲ. ಇಷ್ಟು ವಯಸ್ಸಾದ ಇಬ್ಬರು ಹೆಂಗಸರು ಒಂದು ತಟ್ಟೆಗೆ ಜಗ್ಗಾಡುವುದು ನೋಡುವವರಿಗೆ ನಗೆಪಾಟಲೇ, ಆದರೆ ಕೈ ಬಿಡುವ ಮನಸ್ಸು ನನಗಿರಲಿಲ್ಲ.

ಹುಡುಗಿ ಎದ್ದು ನಿಂತಳು.

“ಅವ್ವ, ಗಾಡಿ ಹತ್ತಿದ ಮ್ಯಾಲ ಅಕಿಗೆ ಏನಾತಂತ ಇವರು ತೋರಸಲೇ ಇಲ್ಲ. ನೀನೂ ಹತ್ತಿ ಬಂದಾಕಿ. ಮುಂದ ಏನಾತು, ಹೇಳು.”

ಭಾವ ಕಾಲಿನಿಂದ ಚಪ್ಪಲಿ ಹುಡುಕಿದರು. ಹೊಲದ ಮೋಟರು ನೋಡಿಕೊಂಡು ಬರುತ್ತೇನೆ ಎಂದು ಹೊರಟರು. ಅವರು ಹೊಸ್ತಿಲು ದಾಟುವವರೆಗೂ ಅಕ್ಕ ನೋಡುತ್ತ ನಿಂತಳು. ಅಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ. ಹುಟ್ಟಿನಿಂದಲೇ ಹಾಗೆ ಎಂದು ಮಕ್ಕಳಿಗೆ ಹೇಳಿಕೊಂಡು ಬಂದಿದ್ದಳು. ನಾನು ಅವಳ ಬೆನ್ನಿಗೆ ಹುಟ್ಟಿದವಳು. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿ, ಆ ಕಿವಿಯಲ್ಲಿ ಎಷ್ಟೋ ಗುಟ್ಟು ಹೇಳಿದ್ದೇನೆ.

“ಈ ಕಿವಿ ಹೋತು,” ಎಂದಳು ಅಕ್ಕ. “ಗಾಡಿ ಹತ್ತಿ ಬಂದ ವರ್ಷದಾಗನ ಹೋತು.”

ಮಗಳು ಅವಳ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟಳು. ಅಕ್ಕ ಗೋಡೆಗೆ ಒರಗಿ ಕೂತಳು. ನಾನು ಟೀವಿ ಆರಿಸಿದೆ.

ಇಷ್ಟಾದರೂ ಅಕ್ಕನಿಗೆ ಆ ಸಿನಿಮಾ ಇವತ್ತಿಗೂ ಇಷ್ಟ. ಹಾಡು ಬಂದರೆ ಕಣ್ಣೀರು ತೆಗೆಯುತ್ತಾಳೆ, ನಾನು ಬೈಯುತ್ತೇನೆ, ಅವಳೂ ಬೈಯುತ್ತಾಳೆ. ಅದು ಕೆಟ್ಟ ಸಿನಿಮಾ ಎಂಬ ನನ್ನ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಆದರೆ ಆ ಸಂಜೆ ಆಳಂದದ ಗಾಡಿ ಬಂದು ಹಾರ್ನ್ ಹೊಡೆದಾಗ ಬಾಗಿಲಿಗೆ ಹೋದವಳು ನಾನಲ್ಲ, ಅಕ್ಕ. ಗಾಡಿಯಲ್ಲಿ ಡ್ರೈವರ್ ಒಬ್ಬನೇ ಇದ್ದ.

“ಗಾಡಿ ತಿರುವ್ಕೋರಿ. ನನ್ನ ಮಗಳು ಬರಾಂಗಿಲ್ಲ.”

“ಮಾಲಕರಿಗೆ ಏನಂತ ಹೇಳಲ್ರಿ ಅವ್ವಾರ?”

“ಮಾತಾಡೂದಿದ್ರ ತಾನ ಬರಲಿ ಅನ್ರಿ. ನನಗ ಇನ್ನೊಂದು ಕಿವಿ ಅದ.”